ವಿಷವನ್ನು ತಡೆಯುವ ಶಕ್ತಿ ಯಾರದು?

ಬ್ಲಿಯೋಮೈಸಿನ್ ಹೈಡ್ರೊಲೇಸ್ ಮನುಷ್ಯನ ಜೀವಕೋಶಗಳಲ್ಲಿರುವ ಒಂದು ಕಿಣ್ವ. ಬ್ಲಿಯೋಮೈಸಿನ್ ಎಂಬ ಕ್ಯಾನ್ಸರ್ ಮದ್ದು ಜೀವಕೋಶದೊಳಗೆ ಬಂದರೆ ಈ ಕಿಣ್ವ ಅದರ ಒಂದು ರಾಸಾಯನಿಕ ಬಂಧವನ್ನು ಕತ್ತರಿಸಿ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಕಿಣ್ವ ಸಾಕಷ್ಟಿರುವ ಅಂಗಗಳು ಮದ್ದಿನ ಪೆಟ್ಟಿನಿಂದ ಪಾರಾಗುತ್ತವೆ. ಕಡಿಮೆ ಇರುವ ಶ್ವಾಸಕೋಶ ಮತ್ತು ಚರ್ಮ ಪೆಟ್ಟು ತಿನ್ನುತ್ತವೆ. ಗಡ್ಡೆಯ ಜೀವಕೋಶಗಳಲ್ಲೇ ಅದು ಹೆಚ್ಚಾಗಿದ್ದರೆ ಮದ್ದು ರೋಗಕ್ಕೆ ಸರಿಯಾಗಿ ನಾಟುವುದಿಲ್ಲ. ಹೀಗೆ ಒಂದೇ ಕಿಣ್ವ ಒಂದು ಕಡೆ ಕಾಯುತ್ತದೆ, ಇನ್ನೊಂದು ಕಡೆ ಅಡ್ಡಿಯಾಗುತ್ತದೆ. 1990ರ ದಶಕದಿಂದ ಇದೇ ಮಾನವ ಕಿಣ್ವವನ್ನು ಬೇರೆ ಜೀವಿಗಳ ಕೋಶಗಳೊಳಗೆ ತಯಾರಿಸಿ ಪ್ರಯೋಗಾಲಯಗಳಲ್ಲಿ ಅಧ್ಯಯನ ಮಾಡಲಾಗಿದೆ.

ಈ ಸಂಗತಿಯೊಳಗೆ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದು ಅಡಗಿದೆ. ಒಂದು ವಸ್ತು ಸುಡುತ್ತದೆ, ಕೊಲ್ಲುತ್ತದೆ, ಗುಣಪಡಿಸುತ್ತದೆ ಎನ್ನುವಾಗ ಆ ಶಕ್ತಿ ಎಲ್ಲಿರುತ್ತದೆ? ವಸ್ತುವಿನಲ್ಲೋ, ಅದರ ಸುತ್ತಣ ಸನ್ನಿವೇಶದಲ್ಲೋ? ಇನ್ನೊಂದು ವಸ್ತು ಬಂದು ಅದನ್ನು ತಡೆದಾಗ ಶಕ್ತಿ ನಾಶವಾಗುತ್ತದೋ, ಇದ್ದೂ ಸುಮ್ಮನಿರುತ್ತದೋ? ವೇದವಿಧಿಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು, ತರ್ಕಪ್ರಧಾನವಾದ ನ್ಯಾಯದರ್ಶನದ ನೈಯಾಯಿಕರು, ದ್ವೈತ ವೇದಾಂತಿಗಳಾದ ಮಧ್ವಮತದವರು ಇದನ್ನು ಶತಮಾನಗಳ ಕಾಲ ಚರ್ಚಿಸಿದ್ದಾರೆ. ದಕ್ಷಿಣ ಕನ್ನಡದ ಕಡಬ ತಾಲ್ಲೂಕಿನಲ್ಲಿರುವ, ನಾಗನನ್ನು ದೇವರೆಂದು ಪೂಜಿಸುವ ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಇದೇ ಪ್ರಶ್ನೆ ಗರ್ಭಗುಡಿಯ ಎದುರು ಒಂದು ಕಂಬವಾಗಿ ನಿಂತಿದೆ.

ಮದ್ದು ಎಂಬ ಮಾತು

ಕಡಬ, ಪುತ್ತೂರು, ಸುಳ್ಯದ ಕಡೆ ಜ್ವರಕ್ಕೆ ಕುಡಿಯುವುದು ಮದ್ದು. ಇಲಿಗೆ ಇಡುವುದೂ ಮದ್ದು, ಅಡಿಕೆಗೆ ಬಿಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದೇ. ಹಗೆ ಸಾಧಿಸಲು ಅನ್ನದಲ್ಲಿ ಏನನ್ನೋ ಬೆರೆಸಿದರು ಎಂಬ ಶಂಕೆ ಬಂದರೆ ಅದಕ್ಕೂ ‘ಮದ್ದು ಹಾಕಿದ್ದಾರೆ’ ಎನ್ನುತ್ತಾರೆ. ಗುಣಪಡಿಸುವುದನ್ನೂ ಕೊಲ್ಲುವುದನ್ನೂ ಕನ್ನಡ ಒಂದೇ ಹೆಸರಿನಿಂದ ಕರೆದು, ಯಾವುದು ಯಾವಾಗ ಎಂಬ ನಿರ್ಣಯವನ್ನು ಸಂದರ್ಭಕ್ಕೆ ಬಿಟ್ಟಿದೆ. ಆಯುರ್ವೇದದ ನಿಲುವೂ ಇದಕ್ಕೆ ಹತ್ತಿರದ್ದು. ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಬಳಸಿದರೆ ಔಷಧವಾಗುತ್ತದೆ, ಔಷಧವೂ ತಪ್ಪಾಗಿ ಬಳಸಿದರೆ ವಿಷವಾಗುತ್ತದೆ ಎಂಬ ಅಭಿಪ್ರಾಯ ಚರಕಸಂಹಿತೆಯ ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲೇ ಬರುತ್ತದೆ.

ಮಳೆಗಾಲದ ಹೊತ್ತಿಗೆ ಅಡಿಕೆ ತೋಟದಲ್ಲಿ ಈ ಮಾತು ಕಣ್ಣಿಗೇ ಕಾಣುತ್ತದೆ. ಕೊಳೆರೋಗ ಬಾರದಂತೆ ಗೊನೆಗಳಿಗೆ ಬಿಡುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಬೇಕು. ಎರಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕರಗಿಸಿ ಆಮೇಲೆ ಬೆರೆಸುತ್ತಾರೆ. ಮೈಲುತುತ್ತು ಒಂಟಿಯಾಗಿ ಬಿದ್ದರೆ ರೋಗಾಣುವಿನ ಜೊತೆಗೆ ಗಿಡದ ಎಳೆಯ ಭಾಗಗಳನ್ನೂ ಸುಡುತ್ತದೆ. ಸುಣ್ಣ ಆ ಉರಿಯನ್ನು ಹಿಡಿದಿಡುತ್ತದೆ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನೋ ಬ್ಲೇಡನ್ನೋ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು ಹಳೆಯ ಕ್ರಮ. ಅಲಗಿನ ಮೇಲೆ ಕೆಂಪಗೆ ತಾಮ್ರದ ಪೊರೆ ಕಟ್ಟಿದರೆ ಹಿಡಿತಕ್ಕೆ ಸಿಗದ ತಾಮ್ರ ಇನ್ನೂ ಉಳಿದಿದೆ ಎಂದು ಅರ್ಥ. ಇನ್ನಷ್ಟು ಸುಣ್ಣದ ನೀರು ಹೊಯ್ಯಬೇಕು. ಅಲಗು ಮೊದಲಿನಂತೆಯೇ ಉಳಿದರೆ ಮದ್ದು ಹದಕ್ಕೆ ಬಂದಿದೆ. ಹದಕ್ಕೆ ಬಂದ ಮದ್ದಿನಲ್ಲಿ ತಾಮ್ರ ಇದ್ದೇ ಇರುತ್ತದೆ. ಗೊನೆಯ ಮೇಲೆ ತಿಳಿನೀಲಿ ಪೊರೆಯಾಗಿ ಕುಳಿತು, ಮಳೆಯ ತೇವಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು ರೋಗಾಣುವನ್ನು ತಡೆಯುತ್ತದೆ. ಕೃಷಿಕನ ಕೈಯ ಕೆಲಸವೆಲ್ಲ ತಾಮ್ರವನ್ನು ಕಳೆಯದೆ ಅದರ ಉರಿಯನ್ನು ಅಳತೆಯಲ್ಲಿಡುವುದು.

ಮಣ್ಣಿನಿಂದ ಬಂದ ಮದ್ದು

ಬ್ಲಿಯೋಮೈಸಿನ್ ಕೂಡ ತಾಮ್ರವನ್ನು ಹಿಡಿಯುವ ವಸ್ತು. ಜಪಾನಿನ ಹಮಾವೊ ಉಮೆಝಾವಾ ಮತ್ತು ಸಂಗಡಿಗರು ಮಣ್ಣಿನಲ್ಲಿ ಬದುಕುವ ಸ್ಟ್ರೆಪ್ಟೊಮೈಸಿಸ್ ವರ್ಟಿಸಿಲಸ್ ಎಂಬ ಬ್ಯಾಕ್ಟೀರಿಯಾದಿಂದ ಅದನ್ನು ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದರು. ಮೊದಲು ಕೈಗೆ ಸಿಕ್ಕಿದ್ದು ತಾಮ್ರದೊಡನೆ ಬೆಸೆದುಕೊಂಡ ನೀಲಿ ರೂಪ. 1973ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಅನುಮತಿ ಸಿಕ್ಕಿತು. ಇಂದು ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನಲ್ಲಿ, ವೃಷಣದ ಕ್ಯಾನ್ಸರಿನಲ್ಲಿ ಅದನ್ನು ಬೇರೆ ಮದ್ದುಗಳ ಜೊತೆ ಸೇರಿಸಿ ಕೊಡುತ್ತಾರೆ. ವೃಷಣದ ಕ್ಯಾನ್ಸರ್ ದೇಹದಲ್ಲಿ ಹರಡಿದ ಮೇಲೂ ಬಹುಪಾಲು ಗುಣವಾಗುವ ರೋಗವಾಗಿರುವುದರಲ್ಲಿ ಈ ಮದ್ದುಗಳ ಕೂಟದ ಪಾಲು ದೊಡ್ಡದು.

ಜೀವಕೋಶದೊಳಗೆ ಬ್ಲಿಯೋಮೈಸಿನ್ ಕಬ್ಬಿಣದ ಅಯಾನನ್ನು ಹಿಡಿದು, ಆಮ್ಲಜನಕದ ಸಹಾಯದಿಂದ ಡಿಎನ್‌ಎ ಎಳೆಗಳನ್ನು ಕಡಿಯುತ್ತದೆ. ಬಿಡುವಿಲ್ಲದೆ ಒಡೆದು ಹೆಚ್ಚುತ್ತಿರುವ ಗಡ್ಡೆಯ ಕೋಶ ಆ ಕಡಿತವನ್ನು ರಿಪೇರಿ ಮಾಡಿಕೊಳ್ಳಲಾರದೆ ಸಾಯುತ್ತದೆ. ಅನೇಕ ಕಿಮೊ ಮದ್ದುಗಳು ರಕ್ತ ತಯಾರಾಗುವ ಎಲುಬಿನ ಮಜ್ಜೆಯನ್ನು ಬಳಲಿಸುತ್ತವೆ. ಬ್ಲಿಯೋಮೈಸಿನ್‌ನಿಂದ ಆ ತೊಂದರೆ ಕಡಿಮೆ. ಅದರ ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ. ಕೆಲವರಲ್ಲಿ ಗಾಳಿಗೂಡುಗಳ ಸುತ್ತ ನಾರುಗಟ್ಟಿ ಶ್ವಾಸಕೋಶ ಬಿಗಿಯಾಗುತ್ತದೆ. ಒಣ ಕೆಮ್ಮು, ಏದುಸಿರು ಶುರುವಾಗುತ್ತದೆ. ಒಟ್ಟು ಪ್ರಮಾಣ 400 ಯೂನಿಟ್ ಮುಟ್ಟುತ್ತಾ ಹೋದಂತೆ ಅಪಾಯ ಏರುವುದರಿಂದ ವೈದ್ಯರು ಪ್ರತಿ ಡೋಸನ್ನೂ ಕೂಡಿಸಿ ಲೆಕ್ಕ ಇಡುತ್ತಾರೆ. ಇನ್ನು ಕೆಲವರ ಬೆನ್ನು, ಭುಜಗಳ ಮೇಲೆ ಚಾಟಿಯಿಂದ ಹೊಡೆದಂಥ ಕಪ್ಪು ಬರೆಗಳು ಮೂಡುತ್ತವೆ.

ಈ ವಿಷವನ್ನು ತಯಾರಿಸುವ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಅದರಿಂದ ಕಡಿಯಬಲ್ಲದ್ದೇ. ಆದ್ದರಿಂದ ಅದು ಎರಡು ಕಾವಲುಗಳನ್ನು ಇಟ್ಟುಕೊಂಡಿದೆ. ಒಂದು ಪ್ರೋಟೀನ್ ಬ್ಲಿಯೋಮೈಸಿನ್ ಅಣುವನ್ನು ಅಪ್ಪಿ ಹಿಡಿದು ಡಿಎನ್‌ಎಯಿಂದ ದೂರ ಇಡುತ್ತದೆ. ಇನ್ನೊಂದು ಕಿಣ್ವ ಅಣುವಿಗೆ ಅಸಿಟೈಲ್ ಗುಂಪೊಂದನ್ನು ಅಂಟಿಸಿ ಲೋಹ ಹಿಡಿಯುವ ಅದರ ಸಾಮರ್ಥ್ಯವನ್ನು ಕೆಡಿಸುತ್ತದೆ. ವಿಷವನ್ನು ಹೊತ್ತ ಜೀವಿ ಬದುಕಿರುವುದು ಈ ಕಾವಲಿನ ಬಲದಿಂದ.

ಕಿಣ್ವದ ಕೆಲಸ

ಮನುಷ್ಯನ ಕಿಣ್ವ ಬೇರೊಂದು ದಾರಿ ಹಿಡಿಯುತ್ತದೆ. ಬ್ಲಿಯೋಮೈಸಿನ್ ಅಣುವಿನಲ್ಲಿ ಲೋಹವನ್ನು ಹಿಡಿಯುವ ತುದಿಯ ಬಳಿ ಒಂದು ಅಮೈಡ್ ಬಂಧವಿದೆ. ಹೈಡ್ರೊಲೇಸ್ ನೀರನ್ನು ಬಳಸಿ ಅದನ್ನು ಕತ್ತರಿಸುತ್ತದೆ. ಆಗ ಉಳಿಯುವ ಡೀಅಮೈಡೊ ಬ್ಲಿಯೋಮೈಸಿನ್ ಡಿಎನ್‌ಎಯನ್ನು ಮೊದಲಿನ ಬಲದಿಂದ ಕಡಿಯಲಾರದು. ಇಂಥ ಕಿಣ್ವ ಪ್ರಾಣಿಗಳ ಅಂಗಾಂಶಗಳಲ್ಲಿದೆ ಎಂಬುದನ್ನು 1970ರ ದಶಕದಲ್ಲಿ ಉಮೆಝಾವಾ ಅವರ ತಂಡವೇ ತೋರಿಸಿತು. ಶ್ವಾಸಕೋಶದಲ್ಲಿ ಮದ್ದನ್ನು ಮುರಿಯುವ ಈ ಚಟುವಟಿಕೆಯ ಕೊರತೆಯೇ ಅಲ್ಲಿನ ಹಾನಿಗೆ ಕಾರಣ ಎಂಬ ವಾದವನ್ನು ಅಮೆರಿಕದ ಜಾನ್ ಲೇಜೊ ಮತ್ತು ಸಹೋದ್ಯೋಗಿ 1983ರಲ್ಲಿ ಮುಂದಿಟ್ಟರು.

ಮಾನವ ಕಿಣ್ವದಲ್ಲಿ 455 ಅಮೈನೊ ಆಮ್ಲಗಳ ಸರಪಳಿ ಇದೆ. ಅದರ ವಂಶವಾಹಿ 17ನೇ ಕ್ರೋಮೋಸೋಮಿನಲ್ಲಿದೆ. 1996ರಲ್ಲಿ ಈ ವಂಶವಾಹಿಯ ಬರಹವನ್ನು ಬೇರ್ಪಡಿಸಿ ಓದಲಾಯಿತು. ಅದನ್ನು ಬೇರೆ ಕೋಶಗಳಿಗೆ ಸೇರಿಸಿ ಕಿಣ್ವವನ್ನು ಶುದ್ಧವಾಗಿ ಪಡೆಯುವ ದಾರಿ ತೆರೆಯಿತು. ಹುದುಗು ಬರಿಸುವ ಯೀಸ್ಟಿನಲ್ಲಿರುವ ಇದರ ಸೋದರ ಕಿಣ್ವದ ಆಕಾರ 1995ರಲ್ಲಿ, ಮನುಷ್ಯನದ್ದರ ಆಕಾರ 1999ರಲ್ಲಿ ತಿಳಿಯಿತು. ಆರು ಸರಪಳಿಗಳು ಸೇರಿ ಒಂದು ಪೊಳ್ಳು ಪೀಪಾಯಿ ಆಗುತ್ತವೆ. ಕತ್ತರಿಸುವ ಜಾಗಗಳು ಪೀಪಾಯಿಯ ಒಳಗೋಡೆಯಲ್ಲಿವೆ. ಪ್ರತಿ ಸರಪಳಿಯ ಬಾಲದ ತುದಿ ತನ್ನದೇ ಕತ್ತರಿಯ ಬಾಯಲ್ಲಿ ಬಂದು ಕುಳಿತಿದೆ. ಇದರಿಂದ ಕೋಶದ ದೊಡ್ಡ ಪ್ರೋಟೀನುಗಳು ಈ ಕತ್ತರಿಗೆ ಸಿಗುವುದಿಲ್ಲ. ಒಳಗೆ ತೂರುವಷ್ಟು ಸಣ್ಣ ತುಣುಕುಗಳು ಮಾತ್ರ ಸಿಗುತ್ತವೆ. ವಿಷವನ್ನು ಕತ್ತರಿಸುವ ಆಯುಧಕ್ಕೂ ಒಂದು ಒರೆ ಬೇಕಾಗಿದೆ.

ಬೆಂಕಿ ಮತ್ತು ಮಣಿ

ಭಾರತೀಯ ದರ್ಶನಗಳು ಶಕ್ತಿಯ ಪ್ರಶ್ನೆಯನ್ನು ಚರ್ಚಿಸಿದ್ದು ಬೆಂಕಿಯ ಉದಾಹರಣೆಯಿಂದ. ಬೆಂಕಿ ಸುಡುತ್ತದೆ. ಆದರೆ ಒಂದು ವಿಶೇಷ ಮಣಿಯನ್ನು ಬಳಿಗೆ ತಂದರೆ, ಅಥವಾ ಒಂದು ಮಂತ್ರವನ್ನು ಜಪಿಸಿದರೆ ಅದೇ ಬೆಂಕಿ ಸುಡುವುದಿಲ್ಲ ಎಂದು ಮೀಮಾಂಸಕರೂ ನೈಯಾಯಿಕರೂ ಒಪ್ಪಿಕೊಂಡು ವಾದಕ್ಕೆ ಇಳಿದರು. ಕಣ್ಣಿಗೆ ಕಾಣುವ ಬೆಂಕಿಯಲ್ಲಿ ಯಾವ ಬದಲಾವಣೆಯೂ ಇಲ್ಲ, ಸುಡುವಿಕೆ ಮಾತ್ರ ನಿಂತಿದೆ. ಹಾಗಾದರೆ ಬೆಂಕಿಯಲ್ಲಿ ಕಣ್ಣಿಗೆ ಕಾಣದ ‘ಶಕ್ತಿ’ ಎಂಬ ಬೇರೆ ಪದಾರ್ಥವೊಂದು ಇರಲೇಬೇಕು, ಮಣಿ ಕೆಡಿಸಿದ್ದು ಅದನ್ನೇ ಎಂಬುದು ಮೀಮಾಂಸಕರ ಪಕ್ಷ.

ನೈಯಾಯಿಕರು ಇದನ್ನು ಒಪ್ಪಲಿಲ್ಲ. ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಕೊಟ್ಟ ಉತ್ತರ ಹೀಗೆ ಸಾಗುತ್ತದೆ: ಸುಡುವಿಕೆಗೆ ಬೆಂಕಿಯೊಂದೇ ಕಾರಣವಲ್ಲ. ಬೆಂಕಿ ಇರಬೇಕು, ಸೌದೆ ಇರಬೇಕು, ತಡೆಯುವ ಮಣಿ ಇರಬಾರದು. ‘ಇರಬಾರದು’ ಎಂಬ ಆ ಇಲ್ಲದಿರುವಿಕೆಯೂ ಕಾರಣಸಾಮಗ್ರಿಯ ಒಂದು ಅಂಗ. ಅದಕ್ಕೆ ಪ್ರತಿಬಂಧಕಾಭಾವ ಎಂದು ಹೆಸರು. ಮಣಿ ಬಂದಾಗ ಸಾಮಗ್ರಿ ಅಪೂರ್ಣವಾಗುತ್ತದೆ, ಕೆಲಸ ನಿಲ್ಲುತ್ತದೆ. ಕಾಣದ ಶಕ್ತಿಯೊಂದನ್ನು ಕಲ್ಪಿಸುವ ಅಗತ್ಯವಿಲ್ಲ. ಮಣಿ ಇದ್ದರೂ ಬೆಂಕಿ ಸುಡುವಂತೆ ಮಾಡುವ ಇನ್ನೊಂದು ವಸ್ತುವನ್ನೂ ಈ ಚರ್ಚೆ ಗುರುತಿಸಿದೆ. ಅದು ಉತ್ತೇಜಕ.

ಕಿಣ್ವದ ಕತೆಯಲ್ಲಿ ಈ ಮೂರು ಪಾತ್ರಗಳೂ ಇವೆ. ಬ್ಲಿಯೋಮೈಸಿನ್ ಬೆಂಕಿ. ಹೈಡ್ರೊಲೇಸ್ ತಡೆಯುವ ಮಣಿ. ಜಪಾನಿನಲ್ಲಿ 1978ರಲ್ಲಿ ಒಂದು ಬೂಷ್ಟಿನಿಂದ ಬೇರ್ಪಡಿಸಿದ ಇ-64 ಎಂಬ ವಸ್ತು ಈ ಬಗೆಯ ಕಿಣ್ವಗಳ ಕತ್ತರಿಯ ಬಾಯಿಗೆ ಅಂಟಿಕೊಂಡು ಅವನ್ನು ನಿಲ್ಲಿಸುತ್ತದೆ. ಆಗ ಕತ್ತರಿಗೆ ಇನ್ನೂ ಸಿಗದ ಮದ್ದು ತನ್ನ ಕೆಲಸ ಮಾಡುತ್ತದೆ. ಅದು ಉತ್ತೇಜಕದ ಸ್ಥಾನದಲ್ಲಿದೆ. ಶ್ವಾಸಕೋಶದ ಹಾನಿಗೆ ಕೊಡುವ ವಿವರಣೆಯಂತೂ ನ್ಯಾಯದರ್ಶನದ ಮಾತನ್ನೇ ಹೇಳುತ್ತದೆ. ಅಲ್ಲಿ ಮದ್ದು ಬೇರೆಯಾಗಿಲ್ಲ, ಡಿಎನ್‌ಎಯೂ ಬೇರೆಯಲ್ಲ. ಇರಬೇಕಾದಷ್ಟು ಕಿಣ್ವ ಇಲ್ಲ. ಒಂದು ಇಲ್ಲದಿರುವಿಕೆ ರೋಗಕ್ಕೆ ಕಾರಣವಾಗಿದೆ. ಅಭಾವವನ್ನು ಸ್ವತಂತ್ರ ಪದಾರ್ಥವೆಂದು ಎಣಿಸಿದ ದರ್ಶನಕಾರರ ನಿಲುವು ಬರಿಯ ತರ್ಕದ ಕಸರತ್ತಲ್ಲ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ತಡೆ ಬೇರೆ, ನಾಶ ಬೇರೆ

ಆದರೂ ಹೋಲಿಕೆ ಒಂದು ಕಡೆ ನಿಲ್ಲುತ್ತದೆ. ಮಣಿಯನ್ನು ತೆಗೆದರೆ ಬೆಂಕಿ ಮತ್ತೆ ಸುಡುತ್ತದೆ. ಹೈಡ್ರೊಲೇಸ್ ಕತ್ತರಿಸಿದ ಬ್ಲಿಯೋಮೈಸಿನ್ ಮುಂದೆ ಕಿಣ್ವವನ್ನು ತೆಗೆದರೂ ಹಳೆಯ ಮದ್ದಾಗುವುದಿಲ್ಲ. ಆದ್ದರಿಂದ ‘ನಿಷ್ಕ್ರಿಯಗೊಳಿಸುವುದು’ ಎಂಬ ಒಂದೇ ಮಾತಿನಡಿ ಎರಡು ಬೇರೆ ಘಟನೆಗಳಿವೆ ಎಂದು ಒಪ್ಪಬೇಕಾಗುತ್ತದೆ. ಸುಣ್ಣವು ತಾಮ್ರವನ್ನು ಹಿಡಿದಿಡುವುದು, ಬ್ಯಾಕ್ಟೀರಿಯಾದ ಪ್ರೋಟೀನ್ ಬ್ಲಿಯೋಮೈಸಿನನ್ನು ಅಪ್ಪಿ ಹಿಡಿಯುವುದು ಪ್ರತಿಬಂಧ. ವಸ್ತು ಹಾಗೆಯೇ ಇದೆ, ಬಿಟ್ಟರೆ ಮತ್ತೆ ಕೆಲಸ ಮಾಡುತ್ತದೆ. ಹೈಡ್ರೊಲೇಸ್ ಮಾಡುವುದು ನಾಶ. ಅಲ್ಲಿ ಹೊಸ ವಸ್ತು ಹುಟ್ಟಿದೆ. ಹಳೆಯ ವಸ್ತು ಇಲ್ಲವಾದ್ದರಿಂದ ಅದರ ಶಕ್ತಿಯೂ ಇಲ್ಲ.

ಮೊದಲ ಬಗೆಯಲ್ಲಿ ನೈಯಾಯಿಕರ ವಿವರಣೆ ಸಾಕಾಗುತ್ತದೆ. ಎರಡನೆಯದರಲ್ಲಿ ಶಕ್ತಿಗೂ ವಸ್ತುವಿನ ಸ್ವರೂಪಕ್ಕೂ ಇರುವ ನಂಟು ಎದ್ದು ಕಾಣುತ್ತದೆ. ಸಾವಿರಕ್ಕೂ ಹೆಚ್ಚು ತೂಕದ ದೊಡ್ಡ ಅಣುವಿನಲ್ಲಿ ಒಂದು ಬಂಧ ಹೋದರೆ ಸಾಕು, ಶಕ್ತಿ ಹೋಗುತ್ತದೆ. ಹಾಗಾದರೆ ಶಕ್ತಿ ವಸ್ತುವಿನ ಮೇಲೆ ಅಂಟಿಸಿದ ಹೊರಗಿನ ಗುಣವಲ್ಲ, ವಸ್ತು ಇರುವ ರೀತಿಯಲ್ಲೇ ನೆಲೆಸಿದೆ. ಸ್ವಭಾವಕ್ಕೆ ಮಹತ್ವ ಕೊಡುವ ದ್ವೈತ ವೇದಾಂತದ, ಅಂದರೆ ಮಧ್ವಮತದ, ಚಿಂತನೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಮೊದಲು ಕುಕ್ಕೆಯ ಕಂಬವನ್ನು ನೋಡಬೇಕು.

ಕುಕ್ಕೆಯ ಗರುಡಗಂಬ

2018ರಲ್ಲಿ ರೂಪುಗೊಂಡ ಕಡಬ ತಾಲ್ಲೂಕಿನ ಸುಬ್ರಹ್ಮಣ್ಯ ಗ್ರಾಮ ಅದಕ್ಕೆ ಮೊದಲು ಸುಳ್ಯ ತಾಲ್ಲೂಕಿನಲ್ಲಿತ್ತು. ಕುಮಾರಪರ್ವತದ ಬುಡದಲ್ಲಿ, ಕುಮಾರಧಾರಾ ನದಿಯ ಬಳಿ ಕುಕ್ಕೆಯ ದೇವಸ್ಥಾನವಿದೆ. ಗರುಡನ ಭಯದಿಂದ ಓಡಿಬಂದ ನಾಗರಾಜ ವಾಸುಕಿ ಇಲ್ಲಿನ ಬಿಲದ್ವಾರದ ಗುಹೆಯಲ್ಲಿ ತಪಸ್ಸು ಮಾಡಿದ, ತಾರಕನನ್ನು ಕೊಂದು ಬಂದ ಕುಮಾರಸ್ವಾಮಿ ಶಕ್ತ್ಯಾಯುಧವನ್ನು ಈ ಹೊಳೆಯಲ್ಲಿ ತೊಳೆದು, ಮುಂದೆ ವಾಸುಕಿಯೊಡನೆ ಇಲ್ಲೇ ನೆಲೆನಿಂತ ಎಂಬುದು ಸ್ಥಳಪುರಾಣ. ಜನ ಇಲ್ಲಿಗೆ ಬರುವುದು ಸರ್ಪಸಂಸ್ಕಾರ, ಆಶ್ಲೇಷಾ ಬಲಿ, ನಾಗಪ್ರತಿಷ್ಠೆಗಳಿಗೆ. ಹುತ್ತದ ಮಣ್ಣು, ಅಂದರೆ ಮೃತ್ತಿಕೆ, ಇಲ್ಲಿನ ಪ್ರಸಾದ. ಅದನ್ನು ಹಚ್ಚಿಕೊಂಡರೆ ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು.

ಗರ್ಭಗುಡಿಗೂ ಒಳಬಾಗಿಲಿಗೂ ನಡುವೆ ಬೆಳ್ಳಿ ಹೊದಿಸಿದ ಗರುಡಗಂಬ ನಿಂತಿದೆ. ಒಳಗಿರುವ ವಾಸುಕಿಯ ಉಸಿರಿನಿಂದ ಹೊಮ್ಮುವ ವಿಷಜ್ವಾಲೆ ಭಕ್ತರಿಗೆ ತಾಗದಂತೆ ಅದನ್ನು ಮಂತ್ರಿಸಿ ನೆಡಲಾಗಿದೆ ಎಂದು ಪ್ರತೀತಿ. ದರ್ಶನಕ್ಕೆ ಬಂದವರು ಕಂಬಕ್ಕೆ ಸುತ್ತು ಬಂದು ಒಳಗಿನ ದೇವರಿಗೆ ಕೈಮುಗಿಯುತ್ತಾರೆ. ನಾಗನ ವೈರಿ ಗರುಡ ನಾಗನ ಮನೆಯೊಳಗೇ ನಿಂತಿದ್ದಾನೆ. ಆದರೆ ಅವನು ಅಲ್ಲಿ ನಿಂತಿರುವುದು ನಾಗನನ್ನು ಕೊಲ್ಲಲಿಕ್ಕಲ್ಲ, ಭಕ್ತನನ್ನು ಕಾಯಲಿಕ್ಕೆ. ವಾಸುಕಿಯ ವಿಷ ಹೋದರೆ ಅವನು ವಾಸುಕಿಯಾಗಿ ಉಳಿಯುವುದಿಲ್ಲ. ಕಂಬವಿಲ್ಲದಿದ್ದರೆ ಭಕ್ತ ಹತ್ತಿರ ಬರುವಂತಿಲ್ಲ. ದೇವರ ಸ್ವಭಾವವನ್ನೂ ಮನುಷ್ಯನ ಜೀವವನ್ನೂ ಒಟ್ಟಿಗೆ ಉಳಿಸುವ ಈ ಏರ್ಪಾಡು ನಾಶದ್ದಲ್ಲ, ಪ್ರತಿಬಂಧದ್ದು. ಜಾಗದ ಆಯ್ಕೆಯಲ್ಲೇ ಅದರ ವಿವೇಕವಿದೆ. ಕಂಬವನ್ನು ಹುತ್ತದ ಮೇಲೆ ನೆಟ್ಟಿಲ್ಲ, ಹೊರಗಿನ ಅಂಗಳದಲ್ಲೂ ನೆಟ್ಟಿಲ್ಲ. ಉಸಿರು ಬರುವ ದಾರಿಯೂ ಜನ ಬರುವ ದಾರಿಯೂ ಕೂಡುವಲ್ಲಿ ನೆಟ್ಟಿದ್ದಾರೆ.

ಯಕೃತ್ತಿನ ಕೋಶದಲ್ಲಿ ಹೈಡ್ರೊಲೇಸ್ ಸಾಕಷ್ಟಿರುವುದು ಬೇಕಾದ ಜಾಗದಲ್ಲಿ ಕಂಬ ಇದ್ದಂತೆ. ಶ್ವಾಸಕೋಶದಲ್ಲಿ ಕಂಬವಿದ್ದರೂ ಬಲ ಸಾಲದು. ಗಡ್ಡೆಯಲ್ಲಿ ಹೆಚ್ಚಿದರೆ ಕಂಬ ಹುತ್ತದ ಮೇಲೆಯೇ ನೆಟ್ಟಂತಾಗುತ್ತದೆ. ಮೂರು ಕಡೆಯೂ ಕಿಣ್ವದ ಶಕ್ತಿ ಒಂದೇ, ಇರುವ ಜಾಗ ಮತ್ತು ಅಳತೆ ಮಾತ್ರ ಬೇರೆ.

ಸಹಜಶಕ್ತಿ, ಆಧೇಯಶಕ್ತಿ

ಕುಕ್ಕೆಗೂ ಮಧ್ವಮತಕ್ಕೂ ಹತ್ತಿರದ ನಂಟಿದೆ. ಇಲ್ಲಿನ ಸುಬ್ರಹ್ಮಣ್ಯ ಮಠದ ಪರಂಪರೆ ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರಿಂದ ಬಂದದ್ದು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಸೋದೆ ಮಠದ ಮೂಲಯತಿಗಳೂ ಅವರೇ. ವಿಷ್ಣುತೀರ್ಥರು ಕುಮಾರಪರ್ವತದಲ್ಲಿ ತಪಸ್ಸಿಗೆ ಕುಳಿತರೆಂದು ಸಂಪ್ರದಾಯ ಹೇಳುತ್ತದೆ. ಈ ಮತ ಪದಾರ್ಥಗಳನ್ನು ಹತ್ತು ಎಂದು ಎಣಿಸುತ್ತದೆ, ಅವುಗಳಲ್ಲಿ ಶಕ್ತಿಯೂ ಒಂದು. ಶಕ್ತಿಯಲ್ಲಿ ಮತ್ತೆ ನಾಲ್ಕು ಬಗೆ. ದೇವರಲ್ಲಿ ಪೂರ್ಣವಾಗಿರುವುದು ಅಚಿಂತ್ಯಶಕ್ತಿ. ಬೆಂಕಿಗೆ ಸುಡುವ ಬಲದಂತೆ ವಸ್ತುವಿನೊಡನೆ ಹುಟ್ಟಿಬಂದದ್ದು ಸಹಜಶಕ್ತಿ. ಪ್ರತಿಷ್ಠೆಯಿಂದ ವಿಗ್ರಹದಲ್ಲಿ ನೆಲೆಗೊಳ್ಳುವಂಥದ್ದು ಆಧೇಯಶಕ್ತಿ. ಅರ್ಥವನ್ನು ತಿಳಿಸುವ ಮಾತಿನ ಬಲ ಪದಶಕ್ತಿ.

ಈ ವಿಂಗಡಣೆಯಲ್ಲಿ ವಾಸುಕಿಯ ವಿಷ ಸಹಜಶಕ್ತಿ, ಮಂತ್ರಿಸಿ ನೆಟ್ಟ ಕಂಬದ ಬಲ ಆಧೇಯಶಕ್ತಿ. ಹಾಗಾದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಮಾನವ ಕಿಣ್ವದ ಶಕ್ತಿ ಯಾವ ಬಗೆಯದು? ಮನುಷ್ಯನ ವಂಶವಾಹಿಯ ಪ್ರತಿಯನ್ನು ಒಂದು ಬ್ಯಾಕ್ಟೀರಿಯಾಕ್ಕೋ ಕೀಟದ ಕೋಶಕ್ಕೋ ಸೇರಿಸುತ್ತಾರೆ. ಅದುವರೆಗೆ ಆ ಕೋಶಕ್ಕೆ ತಿಳಿಯದಿದ್ದ ಪ್ರೋಟೀನೊಂದು ಅದರೊಳಗೆ ತಯಾರಾಗತೊಡಗುತ್ತದೆ. ಕೋಶವನ್ನು ಒಡೆದು, ಸೋಸಿ, ಕಿಣ್ವವನ್ನು ಬೇರ್ಪಡಿಸುತ್ತಾರೆ. ಇಲ್ಲಿ ಎರಡು ಶಕ್ತಿಗಳನ್ನು ಬಿಡಿಸಿ ನೋಡಬೇಕು. ಮಾನವ ಕಿಣ್ವವನ್ನು ತಯಾರಿಸುವ ಬಲ ಆ ಕೋಶಕ್ಕೆ ಹೊರಗಿನಿಂದ ಬಂದದ್ದು. ರಚನೆಯ ದೃಷ್ಟಿಯಿಂದ ಅದು ಆಧೇಯದ ಹಾಗಿದೆ. ತಯಾರಾದ ಕಿಣ್ವಕ್ಕೆ ಬ್ಲಿಯೋಮೈಸಿನನ್ನು ಕತ್ತರಿಸುವ ಬಲವನ್ನು ಯಾರೂ ಸೇರಿಸಲಿಲ್ಲ. ಸರಪಳಿ ಸರಿಯಾಗಿ ಮಡಚಿಕೊಂಡು ಆರು ಸೇರಿ ಪೀಪಾಯಿಯಾದ ಕೂಡಲೇ ಆ ಬಲ ಅದರಲ್ಲಿದೆ. ಅದು ಸಹಜ. ಶಾಸ್ತ್ರದ ಆಧೇಯಶಕ್ತಿಗೆ ವಿಧಿ ಬೇಕು, ಮಂತ್ರ ಬೇಕು, ದೇವತಾಸನ್ನಿಧಿ ಬೇಕು. ಪ್ರಯೋಗಾಲಯದ ಕೆಲಸ ಅದಕ್ಕೆ ಸಮವೆಂದು ಹೇಳಲಾಗದು. ಹೊರಗಿನಿಂದ ಬಂದದ್ದು ಯಾವುದು, ವಸ್ತುವಿನದೇ ಯಾವುದು ಎಂದು ಬೇರ್ಪಡಿಸಿ ನೋಡುವ ಕ್ರಮವನ್ನು ಮಾತ್ರ ಶಾಸ್ತ್ರ ಕಲಿಸಿಕೊಡುತ್ತದೆ.

ಬ್ಯಾಕ್ಟೀರಿಯಾದೊಳಗೆ ಹುಟ್ಟಿದ್ದು ‘ಮಾನವ’ ಕಿಣ್ವ ಹೇಗಾದೀತು ಎಂಬ ಪ್ರಶ್ನೆಗೂ ಮಧ್ವಮತದಲ್ಲಿ ಉತ್ತರದ ದಾರಿ ಇದೆ. ಎಲ್ಲ ಹಸುಗಳಲ್ಲೂ ಹರಡಿಕೊಂಡಿರುವ ಒಂದೇ ನಿತ್ಯವಾದ ‘ಗೋತ್ವ’ ಇದೆ ಎಂಬ ನೈಯಾಯಿಕರ ಮಾತನ್ನು ಮಧ್ವರು ಒಪ್ಪುವುದಿಲ್ಲ. ಪ್ರತಿ ಹಸುವೂ ತಾನು ತಾನೇ. ಒಂದನ್ನು ಕಂಡು ಇನ್ನೊಂದನ್ನು ಗುರುತಿಸುವುದು ಸಾದೃಶ್ಯದಿಂದ. ಒಬ್ಬ ಮನುಷ್ಯನ ಯಕೃತ್ತಿನ ಕಿಣ್ವವೂ ಪ್ರಯೋಗಾಲಯದ ಪಾತ್ರೆಯ ಕಿಣ್ವವೂ ಎರಡು ಬೇರೆ ವಸ್ತುಗಳು. ಅವುಗಳ ನಡುವಿನ ಸಾದೃಶ್ಯ ಎಷ್ಟು ಪೂರ್ಣವೆಂದರೆ ಒಂದನ್ನು ಅಭ್ಯಾಸ ಮಾಡಿ ಇನ್ನೊಂದರ ಬಗ್ಗೆ ಹೇಳಬಹುದು. ಪಾತ್ರೆಯ ಕಿಣ್ವದಿಂದ ಕಲಿತದ್ದು ರೋಗಿಯ ಉಪಯೋಗಕ್ಕೆ ಬರುವುದು ಈ ಸಾದೃಶ್ಯದ ಆಧಾರದ ಮೇಲೆ.

ಹೆಸರು ಮತ್ತು ಉದ್ದೇಶ

ಬ್ಲಿಯೋಮೈಸಿನನ್ನು ಕತ್ತರಿಸುವ ಕಿಣ್ವ ಎಂಬ ಹೆಸರು ಕೇಳಿದರೆ ಅದು ಆ ಕೆಲಸಕ್ಕೆಂದೇ ಹುಟ್ಟಿದಂತೆ ತೋರುತ್ತದೆ. ಇದು ಪದಶಕ್ತಿ ಕಣ್ಣು ಕಟ್ಟುವ ಜಾಗ. ಮನುಷ್ಯನಿಗೆ ಬ್ಲಿಯೋಮೈಸಿನ್ ಪರಿಚಯವಾಗಿ ಸುಮಾರು ಅರವತ್ತು ವರ್ಷವಾಗಿದೆ ಅಷ್ಟೆ. ಯೀಸ್ಟಿನಿಂದ ಮನುಷ್ಯನವರೆಗೆ ಹರಡಿಕೊಂಡ ಈ ಕಿಣ್ವ ಎಷ್ಟೋ ಕೋಟಿ ವರ್ಷ ಹಳೆಯದು. ಅದರ ನಿತ್ಯದ ಕೆಲಸ ಬೇರೆಯೇ ಇದೆ. ಕೋಶದಲ್ಲಿ ಉಳಿದ ಸಣ್ಣ ಪ್ರೋಟೀನ್ ತುಣುಕುಗಳನ್ನು ತುದಿಯಿಂದ ಒಂದೊಂದೇ ಅಮೈನೊ ಆಮ್ಲವಾಗಿ ಬಿಡಿಸುವುದು ಅದರಲ್ಲಿ ಮುಖ್ಯ. ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲದಿಂದ ಹುಟ್ಟುವ ಹಾನಿಕರ ವಸ್ತುವೊಂದನ್ನು ಅದು ಮುರಿಯುತ್ತದೆ ಎಂದು 2006ರಲ್ಲಿ ತಿಳಿಯಿತು. ಚರ್ಮದ ಮೇಲ್ಪದರದಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನನ್ನು ಕೊನೆಯ ಹಂತದವರೆಗೆ ಬಿಡಿಸಿ, ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳಲು ಬೇಕಾದ ಅಮೈನೊ ಆಮ್ಲಗಳನ್ನು ಒದಗಿಸುವುದರಲ್ಲೂ ಅದರ ಪಾತ್ರ ಇದೆ ಎಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು.

1999ರಲ್ಲಿ ಈ ಕಿಣ್ವವೇ ಇಲ್ಲದ ಇಲಿಗಳನ್ನು ಬೆಳೆಸಿ ನೋಡಲಾಯಿತು. ಮರಿಗಳಲ್ಲಿ ಕೆಲವು ಹುಟ್ಟಿದ ಹೊಸತರಲ್ಲೇ ಸತ್ತವು. ಬದುಕಿದವುಗಳ ಬಾಲದ ಚರ್ಮ ಕೆಟ್ಟಿತು. ಬ್ಲಿಯೋಮೈಸಿನ್ ಕೊಟ್ಟಾಗ ಅವು ಇತರ ಇಲಿಗಳಿಗಿಂತ ಹೆಚ್ಚು ನಲುಗಿದವು. ಮದ್ದಿನ ಹೆಸರು ಹೊತ್ತ ಕಿಣ್ವ ಮದ್ದೇ ಇಲ್ಲದ ದೇಹದಲ್ಲೂ ಜೀವಕ್ಕೆ ಬೇಕಾಗಿದೆ. ಅದು ಕ್ಯಾನ್ಸರಿನ ಪರವೂ ಅಲ್ಲ, ರೋಗಿಯ ಪರವೂ ಅಲ್ಲ. ತನ್ನ ಬಾಯಿಗೆ ಹೊಂದುವ ಬಂಧ ಬಂದಾಗ ಕತ್ತರಿಸುವುದು ಅದರ ಸ್ವಧರ್ಮ. ರಕ್ಷಕ, ಅಡ್ಡಿ ಎಂಬ ಹೆಸರುಗಳನ್ನು ಇಟ್ಟವನು ಮನುಷ್ಯ, ತನ್ನ ಸುಖದುಃಖದ ಅಳತೆಯಿಂದ.

ರೋಗಿ, ಕರ್ಮ, ಹೊಣೆ

ಒಂದೇ ಮದ್ದು ಒಬ್ಬರಿಗೆ ನಾಟುತ್ತದೆ, ಇನ್ನೊಬ್ಬರಿಗೆ ನಾಟುವುದಿಲ್ಲ. ಮನೆಯವರು ಆಗ ಕೇಳುವ ಮೊದಲ ಪ್ರಶ್ನೆ ‘ಯಾವ ದೋಷ?’ ಎಂಬುದು. ಕರಾವಳಿಯಲ್ಲಿ ಆ ಪ್ರಶ್ನೆ ಬೇಗನೆ ನಾಗದೋಷದತ್ತ ತಿರುಗುತ್ತದೆ. ಆದರೆ ಕಾರಣ ದೇಹದಲ್ಲೇ ಇರಬಹುದು. ಕೆಲವರಲ್ಲಿ ಈ ಕಿಣ್ವದ ವಂಶವಾಹಿಯಲ್ಲಿ ಒಂದು ಅಕ್ಷರದ ವ್ಯತ್ಯಾಸದಿಂದ 443ನೇ ಸ್ಥಾನದಲ್ಲಿ ಐಸೊಲ್ಯೂಸಿನ್ ಬದಲು ವ್ಯಾಲಿನ್ ಎಂಬ ಅಮೈನೊ ಆಮ್ಲ ಬರುತ್ತದೆ. ಬ್ಲಿಯೋಮೈಸಿನ್ ಪಡೆದ ವೃಷಣದ ಕ್ಯಾನ್ಸರಿನ ರೋಗಿಗಳಲ್ಲಿ ಈ ವ್ಯತ್ಯಾಸವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರ ಬದುಕುಳಿಯುವ ಸಾಧ್ಯತೆ ಕಡಿಮೆ ಇತ್ತೆಂದು ನೆದರ್ಲೆಂಡ್ಸಿನ ಸಂಶೋಧಕರು 2008ರಲ್ಲಿ ವರದಿ ಮಾಡಿದರು. ಅಂಥವನು ಏನೂ ತಪ್ಪು ಮಾಡಿಲ್ಲ. ಅವನ ತಂದೆ ತಾಯಿಯೂ ತಪ್ಪು ಮಾಡಿಲ್ಲ. ಇದನ್ನು ಪ್ರಾರಬ್ಧ ಎಂದು ಕರೆಯುವವರು ಕರೆಯಬಹುದು. ಅದು ರೋಗಿಯ ಮೇಲೆ ಹೊರಿಸುವ ಅಪವಾದವಾಗಬಾರದು. ಸರ್ಪಸಂಸ್ಕಾರ ಮನಸ್ಸಿಗೆ ಧೈರ್ಯ ಕೊಡುತ್ತದೆ, ಮನೆಯವರನ್ನು ಒಂದುಗೂಡಿಸುತ್ತದೆ. ಗೊತ್ತಾದ ದಿನಕ್ಕೆ ಆಸ್ಪತ್ರೆಗೆ ಹೋಗುವುದಕ್ಕೆ ಅದು ಬದಲಿಯಲ್ಲ, ಅದರ ವಿರೋಧಿಯೂ ಅಲ್ಲ.

ಮಧ್ವಮತದಲ್ಲಿ ಜೀವ ಸ್ವತಂತ್ರನಲ್ಲ. ಆದರೂ ಅವನ ಕರ್ತೃತ್ವ ಸುಳ್ಳಲ್ಲ. ಪರಮಾತ್ಮನ ಅಧೀನದಲ್ಲಿದ್ದುಕೊಂಡೇ ಅವನು ನಿಜವಾಗಿ ಮಾಡುತ್ತಾನೆ. ವಿಧಿ ನಿಷೇಧಗಳಿಗೆ ಅರ್ಥ ಬರುವುದು ಆ ಕಾರಣಕ್ಕೆ. ಕಿಣ್ವಕ್ಕೆ ಶಕ್ತಿ ಇದೆ, ಕರ್ತೃತ್ವವಿಲ್ಲ. ಮದ್ದಿಗೂ ಹಾಗೆಯೇ. ಎಲ್ಲಿ, ಎಷ್ಟು, ಯಾರಿಗೆ ಎಂಬ ಹೊಣೆ ಕೊಡುವವನದು. ಈ ಹೊಣೆಯನ್ನು ಹೊತ್ತ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ಇವೆ. ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಕಿಮೊ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಮೂತ್ರಪಿಂಡ ಸೋತರೆ ಮದ್ದು ರಕ್ತದಲ್ಲೇ ನಿಂತು ಜೀವಕ್ಕೆ ಅಪಾಯವಾಗುತ್ತದೆ. ಆಗ ಗ್ಲೂಕಾರ್ಪಿಡೇಸ್ ಎಂಬ ಕಿಣ್ವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಮೂಲತಃ ಬ್ಯಾಕ್ಟೀರಿಯಾದ್ದಾದ ಅದಕ್ಕೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಹದಿನೈದು ನಿಮಿಷದೊಳಗೆ ರಕ್ತದಲ್ಲಿರುವ ಮೆಥೊಟ್ರೆಕ್ಸೇಟಿನ ಶೇ. 95ಕ್ಕೂ ಹೆಚ್ಚು ಪಾಲನ್ನು ಮುರಿಯುತ್ತದೆ. ಕೋಶದೊಳಗೆ ಹೊಗದೆ ರಕ್ತದಲ್ಲೇ ಉಳಿಯುವುದರಿಂದ, ಗಡ್ಡೆಯ ಕೋಶದೊಳಗೆ ಆಗಲೇ ಸೇರಿದ ಮದ್ದು ಅದಕ್ಕೆ ಸಿಗುವುದಿಲ್ಲ. ಕಂಬವನ್ನು ಸರಿಯಾದ ಬಾಗಿಲಲ್ಲಿ ನೆಟ್ಟಂತೆ ಇದು.

ಇನ್ನೊಂದು ಉದಾಹರಣೆ ಬ್ಲಿಯೋಮೈಸಿನ್‌ನದೇ. ಮುಂದುವರಿದ ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಎರಡು ಸುತ್ತು ಚಿಕಿತ್ಸೆಯ ನಂತರ ಪೆಟ್ ಸ್ಕ್ಯಾನ್ ಮಾಡಿ, ರೋಗದ ಚಟುವಟಿಕೆ ಕಾಣದವರಿಗೆ ಮುಂದಿನ ಸುತ್ತುಗಳಲ್ಲಿ ಬ್ಲಿಯೋಮೈಸಿನ್ ಕೈಬಿಟ್ಟರೂ ಫಲಿತಾಂಶ ಹೆಚ್ಚೇನೂ ಕೆಡುವುದಿಲ್ಲ, ಶ್ವಾಸಕೋಶದ ತೊಂದರೆ ಕಡಿಮೆಯಾಗುತ್ತದೆ ಎಂದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ವಿಷಕ್ಕೆ ಕಾವಲು ಹುಡುಕುವುದಕ್ಕಿಂತ ಮೊದಲು, ಇನ್ನು ವಿಷ ಬೇಕೇ ಎಂದು ಕೇಳಿಕೊಳ್ಳುವುದೂ ಕರ್ತೃವಿನ ಧರ್ಮ.

ಶಕ್ತಿ ಎಲ್ಲಿದೆ ಎಂಬ ಪ್ರಶ್ನೆಗೆ ಹೀಗೆ ಎರಡು ಹಂತದ ಉತ್ತರ ಸಿಗುತ್ತದೆ. ಕತ್ತರಿಸುವ ಬಲ, ಸುಡುವ ಬಲ ವಸ್ತುವಿನದು. ವಸ್ತುವಿನ ರಚನೆ ಕೆಟ್ಟರೆ ಅದೂ ಹೋಗುತ್ತದೆ. ಆ ಬಲ ವಿಷವಾಗುವುದು, ಮದ್ದಾಗುವುದು ಮಾತ್ರ ಜಾಗ, ಅಳತೆ, ಹೊತ್ತು ಹಾಗೂ ಅಲ್ಲಿ ಇರುವ ಅಥವಾ ಇಲ್ಲದಿರುವ ತಡೆಗಳಿಂದ. ಮೊದಲನೆಯದನ್ನು ಮನುಷ್ಯ ಸೃಷ್ಟಿಸುವುದಿಲ್ಲ, ಅರಿಯುತ್ತಾನೆ. ಎರಡನೆಯದರಲ್ಲಿ ಅವನ ಕೈ ಇದೆ. ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುವ ಕೃಷಿಕ, ಯೂನಿಟ್‌ಗಳನ್ನು ಕೂಡಿಸಿ ಬರೆದಿಡುವ ವೈದ್ಯ, ಗರ್ಭಗುಡಿಯ ಎದುರು ಕಂಬ ನೆಟ್ಟ ಹಿಂದಿನವರು ಹೊತ್ತದ್ದು ಈ ಎರಡನೆಯ ಹೊಣೆಯನ್ನೇ.